ಮಾತು ನಿಂತ ಗಣಕಯಂತ್ರ: ಸಿರುಗುಪ್ಪದಲ್ಲಿ ನಾವು ಕಲಿತ ಪಾಠ

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತದ ಲೆಕ್ಕ ಇತ್ಯರ್ಥವಾಗಿ, ಹೂಮಳೆಗಾಗಿ ಆಕಾಶ ನೋಡುತ್ತಾ ಕೂರುವ ಮಾರ್ಚ್ ತಿಂಗಳಲ್ಲಿ ಬೆಳೆಗಾರನಿಗೆ ನಾಲ್ಕು ದಿನ ಊರು ಬಿಡಲು ಬಿಡುವು ಸಿಗುತ್ತದೆ. ಕಳೆದ ಮಾರ್ಚ್ ಕೊನೆಯಲ್ಲಿ ನಾವು ಸಂಘದ ಮಳಿಗೆಗೆ ಅಕ್ಕಿ ವಿಚಾರಿಸುವ ನೆಪದಲ್ಲಿ ಸಿರುಗುಪ್ಪದ ಕಡೆಗೆ ಹೋಗಿದ್ದೆವು. ನಮ್ಮ ಅಕ್ಕನನ್ನು ಕುರುಗೋಡಿಗೆ ಕೊಟ್ಟಿರುವುದರಿಂದ ಊಟ ವಸತಿಗೆ ಚಿಂತೆಯಿರಲಿಲ್ಲ. ನಮ್ಮ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಭದ್ರೆಯರು ಒಂದಾಗಿ ಹರಿದು ಆ ಬಯಲಿನಲ್ಲಿ ಸೋನಾ ಮಸೂರಿ ಭತ್ತವಾಗಿ ನಿಂತಿರುವುದನ್ನು ನೋಡುವಾಗ, ಮಲೆನಾಡಿನ ನಮಗೆ ಅದು ಅನ್ಯರ ಊರು ಎನಿಸುವುದಿಲ್ಲ.

ಅಕ್ಕಿಯ ವಿಚಾರವನ್ನು ಮಾಸಿಕ ವರದಿಯಲ್ಲಿ ತಿಳಿಸಿದ್ದೇವೆ. ಇಲ್ಲಿ ಹೇಳಹೊರಟಿರುವುದು ಬೇರೆ. ಗಣಕಯಂತ್ರದ ಧ್ವನಿಯ ಭಾಗ, ಅಂದರೆ ಸೌಂಡ್ ಕಾರ್ಡ್, ಕೆಟ್ಟರೆ ಏನು ಮಾಡಬೇಕೆಂಬ ವಿಷಯ. "ಇದು ನಮ್ಮ ತೋಟಕ್ಕೆ ಹಾಕುವ ಗೊಬ್ಬರವೇ?" ಎಂದು ಕೆಲವು ಸದಸ್ಯರು ಕೇಳಬಹುದು. ಕೊನೆಯವರೆಗೆ ಓದಿದರೆ ನಮ್ಮ ಸಂಘಕ್ಕೂ ಇದಕ್ಕೂ ಇರುವ ಸಂಬಂಧ ತಿಳಿಯುತ್ತದೆ.

ಕಿವಿಯೇ ಕಣ್ಣು

ಅಕ್ಕನ ಮಗನಿಗೆ ಚಿಕ್ಕಂದಿನಲ್ಲೇ ದೃಷ್ಟಿ ಹೋಯಿತು. ಹುಡುಗ ಛಲಗಾರ. ಬಿ.ಕಾಂ. ಮುಗಿಸಿ ಸಿರುಗುಪ್ಪದ ಕಡೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕದ ಗುಮಾಸ್ತನಾಗಿ ಸೇರಿದ್ದಾನೆ. ಕಣ್ಣು ಕಾಣದವನು ಲೆಕ್ಕ ಬರೆಯುವುದು ಹೇಗೆಂದು ನಾವೂ ಮೊದಲು ಬೆರಗಾದವರೇ. ಅವನ ಗಣಕಯಂತ್ರದಲ್ಲಿ ಪರದೆಯನ್ನು ಓದಿ ಹೇಳುವ ಎನ್.ವಿ.ಡಿ.ಎ. ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತರುಣರು 2006ರಲ್ಲಿ ಆರಂಭಿಸಿದ ಕೆಲಸವದು. ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಕೀಲಿ ಒತ್ತಿದರೆ ಅಕ್ಷರ ಹೇಳುತ್ತದೆ, ಲೆಕ್ಕದ ಕೋಷ್ಟಕದಲ್ಲಿ ಮನೆಯಿಂದ ಮನೆಗೆ ಸರಿದರೆ ಅಲ್ಲಿಯ ಅಂಕಿ ಹೇಳುತ್ತದೆ. ಕನ್ನಡವನ್ನೂ ಓದುತ್ತದೆ. ನಮ್ಮ ಕಿವಿಗೆ ಜೇನು ಎದ್ದಂತೆ ಕೇಳುವ ಆ ವೇಗದ ಮಾತಿನಲ್ಲಿ ಅವನು ಸದಸ್ಯರ ಸಾಲ, ಕಂತು, ಬಡ್ಡಿ ಎಲ್ಲವನ್ನೂ ಹಿಡಿದುಕೊಳ್ಳುತ್ತಾನೆ.

ಹೀಗಾಗಿ ನಮಗೂ ನಿಮಗೂ ಸೌಂಡ್ ಕಾರ್ಡ್ ಕೆಟ್ಟರೆ ಒಂದು ಹಾಡು ತಪ್ಪೀತು, ಒಂದು ವಿಡಿಯೋ ಸಭೆ ತಪ್ಪೀತು. ಅವನಿಗೆ ಅದು ಕೆಟ್ಟರೆ ಕಚೇರಿಯಲ್ಲಿ ಎರಡನೆಯ ಸಲ ಕಣ್ಣು ಹೋದಂತೆ.

ಗಡುವಿಗೆ ಐದೇ ದಿನ

ನಾವು ಹೋದಾಗ ಹುಡುಗ ಮನೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ. ಎರಡು ದಿನದ ಹಿಂದೆ ಕಚೇರಿಯಲ್ಲಿ ಕರೆಂಟು ಮೂರು ನಾಲ್ಕು ಸಲ ಹೋಗಿ ಬಂದು ಮಾಡಿತಂತೆ. ಗಣಕಯಂತ್ರ ಮತ್ತೆ ಶುರುವಾಯಿತು; ಮಾತು ಮಾತ್ರ ಬರಲಿಲ್ಲ. ಊರಿನ ಒಬ್ಬ ರಿಪೇರಿಯವರು ಬಂದು ನೋಡಿ, "ಮದರ್‌ಬೋರ್ಡಿನ ಸೌಂಡ್ ಹೋಗಿದೆ, ಇದು ರಿಪೇರಿ ಆಗೋದಿಲ್ಲ, ಹೊಸ ಕಂಪ್ಯೂಟರೇ ತಗೊಳ್ರಿ" ಎಂದು ಮೂವತ್ತೈದು ಸಾವಿರದ ಲೆಕ್ಕ ಬರೆದುಕೊಟ್ಟು ಹೋಗಿದ್ದರು. ಆ ಹಣಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಮಂಡಳಿ ಸೇರುವುದು ಏಪ್ರಿಲ್‌ನಲ್ಲಿ.

ಮಾರ್ಚ್ 31 ಎಂದರೇನೆಂದು ಸಹಕಾರಿಗಳಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ರಾಜ್ಯದಲ್ಲಿ ಬೆಳೆಸಾಲಕ್ಕೆ ಬಡ್ಡಿಯಿಲ್ಲದ ಸೌಲಭ್ಯವಿದೆ; ಅದರ ಮಿತಿಯನ್ನು 2023ರ ಆಯವ್ಯಯದಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಆದರೆ ಸೌಲಭ್ಯ ಸಿಗುವುದು ಗಡುವಿನೊಳಗೆ ಕಟ್ಟಿದವನಿಗೆ. ರೈತ ಹಣ ಕಟ್ಟಿದರಷ್ಟೇ ಸಾಲದು, ಕಟ್ಟಿದ್ದು ಖಾತೆಯಲ್ಲಿ ಏರಬೇಕು. ರಶೀದಿಗಳು ಕಟ್ಟುಕಟ್ಟಾಗಿ ಬಿದ್ದಿದ್ದವು. ಕಚೇರಿಯಲ್ಲಿ ಒಂದಿಬ್ಬರು, "ಕಣ್ಣಿಲ್ಲದವರಿಗೆ ಈ ಕುರ್ಚಿ ಕೊಟ್ಟರೆ ಹೀಗೇ ಆಗೋದು" ಎಂದು ಅವನಿಗೆ ಕೇಳುವಂತೆಯೇ ಆಡಿದ್ದರು. ಬೇರೆ ಒಬ್ಬರನ್ನು ಆ ಜಾಗದಲ್ಲಿ ಕೂರಿಸುವ ಮಾತೂ ಎದ್ದಿತ್ತು. ಹೊಸ ಯಂತ್ರ ಬರುವುದರೊಳಗೆ ಆ ಕುರ್ಚಿ ಕೈತಪ್ಪೀತೆಂದು ಅಕ್ಕ ಒಳಗೊಳಗೇ ಹೆದರಿದ್ದಳು.

"ನಾಳೆ ನಿನ್ನ ಸಂಗಡ ಬರ್ತೇನೆ, ಏನು ಮಾಡಬೇಕು ಹೇಳು" ಎಂದೆವು.

"ಮಾವ, ನೀವು ನನಗೆ ಕಣ್ಣಾಗ್ರಿ ಸಾಕು. ಪರದೆ ಮ್ಯಾಲೆ ಏನೈತೆ ಅಂತ ಇದ್ದದ್ದು ಇದ್ದಂಗೆ ಓದ್ರಿ. ಉಳಿದದ್ದು ನಾ ಹೇಳ್ತೀನಿ" ಎಂದ.

ಒಂದೊಂದೇ ಹೆಜ್ಜೆ

ಅಡಿಕೆ ಮರದ ಸೋಗೆ ಹಳದಿಯಾದ ಕೂಡಲೇ ಕೊಡಲಿ ತರುವವನು ಬೆಳೆಗಾರನಲ್ಲ. ನೀರು ನಿಂತಿದೆಯೇ, ಬಸಿಗಾಲುವೆ ಮುಚ್ಚಿದೆಯೇ, ಬೇರುಹುಳ ಇದೆಯೇ ಎಂದು ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗುತ್ತೇವೆ. ಹುಡುಗನೂ ಹಾಗೆಯೇ ಹೋದ.

ಮೊದಲು ಸ್ಪೀಕರ್ ಮತ್ತು ತಂತಿ. ಅವನ ಇಯರ್‌ಫೋನನ್ನು ಮೊಬೈಲಿಗೆ ಸಿಕ್ಕಿಸಿದೆವು. ಅಲ್ಲಿ ಚೆನ್ನಾಗಿ ಕೇಳಿತು. ಅಂದರೆ ತಂತಿ ಸರಿಯಿದೆ. ಯಂತ್ರದ ಬೆನ್ನಿನಲ್ಲಿ ಮೂರು ಬಣ್ಣದ ತೂತುಗಳಿದ್ದವು. ಹಸಿರು ಬಣ್ಣದ್ದು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಹೊರಗಿನಿಂದ ಧ್ವನಿ ಒಳತರುವುದಕ್ಕೆ. ಕಸ ಗುಡಿಸುವಾಗ ಕಿತ್ತುಬಂದ ತಂತಿಯನ್ನು ಗುಲಾಬಿಗೆ ಸಿಕ್ಕಿಸಿ "ಸೌಂಡ್ ಕೆಟ್ಟಿತು" ಎನ್ನುವ ಪ್ರಸಂಗಗಳು ಎಷ್ಟೋ. ಅವನು ಬೆರಳಿನಿಂದಲೇ ಲೆಕ್ಕ ಹಾಕಿ ಸರಿಯಾದ್ದರಲ್ಲಿ ಸಿಕ್ಕಿಸಿದ್ದ. ಮುಂಭಾಗದ ತೂತಿನಲ್ಲೂ ಹಾಕಿ ನೋಡಿದೆವು. ಮೌನ.

ಎರಡನೆಯದು, ಪರದೆಯ ಕೆಳಮೂಲೆಯಲ್ಲಿ ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರ. "ಅದರ ಮ್ಯಾಗ ಗುಣಾಕಾರದ ಗುರ್ತು ಐತೇನ್ರಿ?" ಎಂದು ಕೇಳಿದ. ಇರಲಿಲ್ಲ; ಧ್ವನಿ ನೂರಕ್ಕೆ ತೊಂಬತ್ತರಲ್ಲಿತ್ತು. "ಹಂಗಾದ್ರೆ ಧ್ವನಿ ಎಲ್ಲಿಗೆ ಹೊಂಟೈತೆ ನೋಡ್ರಿ" ಎಂದ. ಆ ಚಿತ್ರದ ಮೇಲೆ ಬಲಗುಂಡಿ ಒತ್ತಿ ಸೌಂಡ್ ಸೆಟ್ಟಿಂಗ್ಸ್ ತೆರೆದರೆ, ಧ್ವನಿ ಹೊರಡುವ ಸಾಧನಗಳ ಪಟ್ಟಿ ಇರುತ್ತದೆ. ಅಲ್ಲಿ ಒಂದೇ ಹೆಸರು, ಮಾನಿಟರಿನದು! ಎಚ್.ಡಿ.ಎಂ.ಐ. ತಂತಿಯಲ್ಲಿ ಚಿತ್ರದ ಜೊತೆಗೆ ಧ್ವನಿಯೂ ಹೋಗಬಲ್ಲದು; ಯಂತ್ರ ತನ್ನ ಮಾತನ್ನೆಲ್ಲ ಸ್ಪೀಕರೇ ಇಲ್ಲದ ಆ ಮಾನಿಟರಿಗೆ ಸುರಿಯುತ್ತಿತ್ತು. ಪರೀಕ್ಷೆಗೆ ಧ್ವನಿ ಹಾಕಿದಾಗ ಗೀಟು ಏರಿಳಿಯುತ್ತಿತ್ತು, ಆದರೆ ಕೇಳುವವರಿಲ್ಲ. ಪಟ್ಟಿಯಲ್ಲಿ ಎರಡು ಹೆಸರಿದ್ದಿದ್ದರೆ ಸ್ಪೀಕರಿನ ಹೆಸರು ಆರಿಸಿದರೆ ಕೆಲಸ ಮುಗಿಯುತ್ತಿತ್ತು. ಎಷ್ಟೋ ಕಚೇರಿಗಳಲ್ಲಿ ಹೊಸ ಮಾನಿಟರು ಹಾಕಿದ ಮಾರನೆಯ ದಿನ "ಸೌಂಡ್ ಕಾರ್ಡ್ ಕೆಟ್ಟಿತು" ಎಂಬ ದೂರು ಬರುವುದು ಇದರಿಂದಲೇ.

ಮೂರನೆಯದು ಡಿವೈಸ್ ಮ್ಯಾನೇಜರ್, ಯಂತ್ರದೊಳಗಿನ ಅಂಗಾಂಗಗಳ ಹಾಜರಿ ಪುಸ್ತಕ. ಅದರಲ್ಲಿ ಧ್ವನಿ ಸಾಧನದ ಹೆಸರಿನ ಪಕ್ಕ ಹಳದಿ ತ್ರಿಕೋನವಿದ್ದರೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಕೆಟ್ಟಿದೆ ಎಂದರ್ಥ. ಆಗ ಆ ಹೆಸರಿನ ಮೇಲೆ ಬಲಗುಂಡಿ ಒತ್ತಿ, ಅನ್‌ಇನ್‌ಸ್ಟಾಲ್ ಮಾಡಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿದರೆ ಬಹಳ ಸಲ ತಾನೇ ಸರಿಯಾಗುತ್ತದೆ. ಕೆಳಮುಖ ಬಾಣದ ಗುರುತಿದ್ದರೆ ಯಾರೋ ನಿಲ್ಲಿಸಿಟ್ಟಿದ್ದಾರೆ. ಎನೇಬಲ್ ಮಾಡಿದರೆ ಸಾಕು. ನಮ್ಮಲ್ಲಿ ಹೆಸರೇ ಇರಲಿಲ್ಲ. ಹಾಜರಿಯಲ್ಲಿ ಆಳೇ ಇಲ್ಲ!

ನಾಲ್ಕನೆಯದು ಒಂದು ಸಣ್ಣ ಉಪಾಯ. ಯಂತ್ರ ನಿಲ್ಲಿಸಿ, ಗೋಡೆಯಿಂದ ಪ್ಲಗ್ಗನ್ನೇ ಕಿತ್ತು, ಶುರು ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆವು. ಒಳಗೆ ಉಳಿದ ವಿದ್ಯುತ್ತು ಬರಿದಾಗಿ, ಗೊಂದಲಕ್ಕೊಳಗಾದ ಚಿಪ್ ಕೆಲವೊಮ್ಮೆ ಎಚ್ಚರಗೊಳ್ಳುವುದುಂಟು. ಈಗಿನ ವಿಂಡೋಸ್‌ನಲ್ಲಿ ಷಟ್‌ಡೌನ್ ಕೊಟ್ಟರೂ ಅದು ಬೇಗ ಏಳುವ ಸಲುವಾಗಿ ಹಿಂದಿನ ಸ್ಥಿತಿಯ ಒಂದು ಭಾಗವನ್ನು ಕಾದಿಟ್ಟುಕೊಂಡಿರುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಕೊಟ್ಟಾಗ. ಇದು ನಮಗೆ ಹೊಸ ವಿಷಯ. ಅಷ್ಟಾದರೂ ಫಲವಾಗಲಿಲ್ಲ.

ಐದನೆಯದು ಬಯೋಸ್. ಯಂತ್ರ ಏಳುವಾಗಲೇ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಬರುವ ಬುನಾದಿಯ ಪಟ್ಟಿ. ಅಲ್ಲಿ ಬೋರ್ಡಿನ ಧ್ವನಿ ಎನೇಬಲ್ ಎಂದೇ ಇತ್ತು. ಈ ಪಟ್ಟಿಯಲ್ಲಿ ಅರಿಯದ ಯಾವುದನ್ನೂ ಬದಲಿಸಬಾರದು, ನೋಡಿ ಹೊರಬರಬೇಕು.

ಕೊನೆಗೆ ಅವನು ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದ. ಅದರಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಇತ್ತು. ವಿಂಡೋಸನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಬಹುದು. 'ಇನ್‌ಸ್ಟಾಲ್' ಎಂಬುದನ್ನು ಬಿಟ್ಟು 'ಟ್ರೈ' ಎಂಬುದನ್ನು ಆರಿಸಬೇಕು, ಇಲ್ಲವಾದರೆ ಇರುವ ಲೆಕ್ಕಪತ್ರ ಅಳಿಸಿಹೋದೀತು. "ಇಲ್ಲಿ ಮಾತು ಬಂದ್ರೆ ತಪ್ಪು ವಿಂಡೋಸಿಂದು, ಇಲ್ಲೂ ಬರದಿದ್ರೆ ಚಿಪ್ಪಿಂದು" ಎಂದ. ಅಲ್ಲೂ ಬರಲಿಲ್ಲ.

ಅಲ್ಲಿಗೆ ರಿಪೇರಿಯವರು ಹೇಳಿದ ರೋಗ ನಿಜವೆಂದಾಯಿತು. ಆದರೆ ಹೇಳಿದ ಮದ್ದು ನಿಜವಾಗಿರಬೇಕಿಲ್ಲ.

ಬಳ್ಳಾರಿಯ ದಾರಿಯಲ್ಲಿ

1981ರಲ್ಲಿ ಐ.ಬಿ.ಎಂ.ನವರ ಪರ್ಸನಲ್ ಕಂಪ್ಯೂಟರ್ ಬಂದಾಗ ಅದಕ್ಕೆ ಕೀಚು ಕೀಚೆನ್ನುವ ಒಂದು ಪುಟ್ಟ ಸ್ಪೀಕರ್ ಬಿಟ್ಟರೆ ಬೇರೆ ಗಂಟಲು ಇರಲಿಲ್ಲ. 1987ರಲ್ಲಿ ಕೆನಡಾದ ಆಡ್‌ಲಿಬ್, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂದವು. ಆಗ ಸೌಂಡ್ ಕಾರ್ಡ್ ಎಂದರೆ ಅಂಗೈಯಗಲದ ಬಿಡಿ ಹಲಗೆ. ಕೆಟ್ಟರೆ ಕಿತ್ತು ಬೇರೆ ಹಾಕುವುದು. ಆಮೇಲೆ ಅದು ಕುಗ್ಗಿ ಮದರ್‌ಬೋರ್ಡಿನ ಮೇಲೆಯೇ ಬೆಸೆದ ಒಂದು ಚಿಪ್ಪಾಯಿತು. ಅಗ್ಗವಾಯಿತು ನಿಜ, ಆದರೆ ಕಿತ್ತು ಹಾಕುವಂತಿಲ್ಲ. ಹೀಗಾಗಿಯೇ "ಬೋರ್ಡೇ ಹೋಯಿತು" ಎನ್ನುವ ಮಾತು. ಗಂಟಲು ಕಟ್ಟಿದ್ದಕ್ಕೆ ದೇಹವನ್ನೇ ಬದಲಿಸಬೇಕೆ? ಹೊರಗಿನಿಂದ ಒಂದು ಗಂಟಲು ಜೋಡಿಸಬಹುದು. ಪೆನ್‌ಡ್ರೈವ್ ಹಾಕುವ ಯು.ಎಸ್.ಬಿ. ತೂತಿಗೇ ಸಿಕ್ಕಿಸುವ, ಹೆಬ್ಬೆರಳ ಗಾತ್ರದ ಸೌಂಡ್ ಕಾರ್ಡುಗಳು ಸಿಗುತ್ತವೆ.

ಮರುದಿನ ಬೆಳಿಗ್ಗೆ ಇಬ್ಬರೂ ಬಳ್ಳಾರಿಗೆ ಬಸ್ಸು ಹತ್ತಿದೆವು. ದಾರಿಯಲ್ಲಿ ಹುಡುಗ ಸಂಗನಕಲ್ಲಿನ ಗುಡ್ಡದ ಮಾತು ತೆಗೆದ. ಬಳ್ಳಾರಿಗೆ ಹತ್ತಿರದ ಆ ಗುಡ್ಡದಲ್ಲಿ ನವಶಿಲಾಯುಗದ ಜನ ಸಾವಿರಾರು ವರ್ಷಗಳ ಹಿಂದೆ ಕೊಡಲಿ ಮಸೆದ ಗುರುತುಗಳೂ, ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳೂ ಇವೆ. ಕೆಲವು ಕರಿಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನುಡಿಯುತ್ತವೆ. ಬಡಿದು ಬಡಿದು ಕುಳಿಬಿದ್ದಿರುವುದನ್ನು ನೋಡಿ, ಆ ಕಾಲದವರು ಬೇಕೆಂದೇ ಅವನ್ನು ನುಡಿಸುತ್ತಿದ್ದರೆಂದು ವಿದ್ವಾಂಸರು ಹೇಳುತ್ತಾರೆ. "ಶಾಲಿಯವ್ರು ಕರ್ಕೊಂಡು ಹೋದಾಗ ಎಲ್ರೂ ಚಿತ್ರ ನೋಡಿದ್ರು, ನಾ ಕಲ್ಲು ಬಡಿದು ಕೇಳಿದ್ನಿ. ನನಗ ಆ ಗುಡ್ಡ ಅವರಿಗಿಂತ ಚಲೋ ಗೊತ್ತೈತೆ ಮಾವ" ಎಂದು ನಕ್ಕ. ಮೂರು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು.

ಬಳ್ಳಾರಿಯಲ್ಲಿ ಎರಡು ಅಂಗಡಿ ಸುತ್ತಿದೆವು. ಮೊದಲನೆಯವರು ಬ್ಲೂಟೂತ್ ಸ್ಪೀಕರ್ ತೋರಿಸಿದರು. ಹುಡುಗ ಬೇಡವೆಂದ. ತಂತಿಯಿಲ್ಲದ ಸ್ಪೀಕರಿನಲ್ಲಿ ಧ್ವನಿ ಅರೆಕ್ಷಣ ತಡವಾಗುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಿದ್ದೆ ಹೋಗಿ ಮುಂದಿನ ಮಾತಿನ ಮೊದಲಕ್ಷರ ನುಂಗುತ್ತದೆ. ಹಾಡಿಗೆ ಅಡ್ಡಿಯಿಲ್ಲ, "ಹದಿನೈದು ಸಾವಿರ" ಎಂಬಲ್ಲಿ "ಹದಿ" ನುಂಗಿದರೆ ಗುಮಾಸ್ತನ ಗತಿಯೇನು! ಎರಡನೆಯ ಅಂಗಡಿಯಲ್ಲಿ ಯು.ಎಸ್.ಬಿ. ಸೌಂಡ್ ಕಾರ್ಡ್ ಸಿಕ್ಕಿತು. ಬೆಲೆ ಮುನ್ನೂರೈವತ್ತು ರೂಪಾಯಿ. ಎರಡು ಕೊಂಡೆವು; ಒಂದು ಬಳಕೆಗೆ, ಒಂದು ಕಪಾಟಿನಲ್ಲಿ.

ಮಧ್ಯಾಹ್ನ ಸಿರುಗುಪ್ಪ ಸೇರಿ ಕಚೇರಿಯಲ್ಲಿ ಅದನ್ನು ಸಿಕ್ಕಿಸಿದೆವು. ಡ್ರೈವರ್ ಹುಡುಕುವ ಗೋಜೂ ಇರಲಿಲ್ಲ; ವಿಂಡೋಸ್ ತಾನೇ ಗುರುತಿಸಿತು. ಧ್ವನಿಯ ಪಟ್ಟಿಯಲ್ಲಿ ಎರಡನೆಯ ಹೆಸರು ಬಂದದ್ದನ್ನು ನಾವು ಓದಿದೆವು, ಅದನ್ನೇ ಆರಿಸಿದೆವು. ಹುಡುಗ ಕಂಟ್ರೋಲ್, ಆಲ್ಟ್, ಎನ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದ. ಇಯರ್‌ಫೋನ್ ಅವನ ಕಿವಿಯಲ್ಲಿದ್ದುದರಿಂದ ನಮಗೇನೂ ಕೇಳಿಸಲಿಲ್ಲ. ಅವನ ಭುಜ ಕೆಳಗಿಳಿದದ್ದು ಮಾತ್ರ ಕಂಡಿತು. ಒಂದು ಮಾತೂ ಆಡದೆ ಮೊದಲ ರಶೀದಿಯ ಕಟ್ಟನ್ನು ಪಕ್ಕದವರ ಕಡೆ ನೂಕಿ, "ನಂಬರ್ ಓದ್ರಿ" ಎಂದ. ಪಕ್ಕದವರು ಓದುತ್ತಾ ಹೋದರು, ಅವನು ಏರಿಸುತ್ತಾ ಹೋದ. ಮೂವತ್ತರ ರಾತ್ರಿ ಒಂಬತ್ತಕ್ಕೆ ಕೊನೆಯ ರಶೀದಿ ಏರಿತೆಂದು ಫೋನ್ ಬಂದಾಗ ನಾವು ಊರಿಗೆ ಮರಳಿದ್ದೆವು.

ಚಿಪ್ ಸತ್ತದ್ದು ಏಕೆ?

ಹೊರಡುವ ಮುನ್ನ ಕಚೇರಿಯ ಪ್ಲಗ್ಗನ್ನು ನೋಡಿದೆವು. ಮೂರು ಕಡ್ಡಿಯ ಪ್ಲಗ್ಗಿಗೆ ಎರಡು ಕಡ್ಡಿಯ ಅಡಾಪ್ಟರ್ ಹಾಕಿ ಸಿಕ್ಕಿಸಿದ್ದರು. ಅರ್ತಿಂಗ್ ಇರಲೇ ಇಲ್ಲ. ಯು.ಪಿ.ಎಸ್. ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಕರೆಂಟು ಹೋಗಿ ಬಂದು ಮಾಡುವಾಗಿನ ಹೊಡೆತಕ್ಕೂ, ಒಣಹವೆಯಲ್ಲಿ ಮೈಮೇಲೆ ಸಂಗ್ರಹವಾಗಿ ತಂತಿ ಸಿಕ್ಕಿಸುವಾಗ ಚಿಟ್ಟೆನ್ನುವ ಸ್ಥಾಯೀ ವಿದ್ಯುತ್ತಿಗೂ ಇಂಥ ಚಿಪ್ಪುಗಳು ಸುಲಭ ತುತ್ತು. ಇದರಲ್ಲಿ ಯಾವುದು ಕೊಂದಿತೆಂದು ಹೇಳುವುದು ಕಷ್ಟ. ಎರಡಕ್ಕೂ ಬಾಗಿಲು ತೆರೆದಿತ್ತೆಂಬುದು ಖಂಡಿತ.

ನಮ್ಮ ಮಲೆನಾಡಿನಲ್ಲಿ ಬಳ್ಳಾರಿಯ ಒಣಹವೆಯಿಲ್ಲ, ಆದರೆ ಸಿಡಿಲಿದೆ. ಹೂಮಳೆಯ ಗುಡುಗಿನಲ್ಲಿ ಟಿ.ವಿ., ಮೋಡೆಮ್ಮು ಸುಟ್ಟುಕೊಳ್ಳದ ಮನೆ ನಮ್ಮ ಸದಸ್ಯರಲ್ಲಿ ಕಡಿಮೆ. ಆದುದರಿಂದ ಈ ಕೆಳಗಿನವನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಬಹುದು:

1. ಗಣಕಯಂತ್ರಕ್ಕೆ ಅರ್ತಿಂಗ್ ಇರುವ ಮೂರು ಕಡ್ಡಿಯ ಸಾಕೆಟ್ಟನ್ನೇ ಬಳಸಿರಿ. ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿಸಿರಿ.

2. ಗುಡುಗು ಕೇಳಿದರೆ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕಿತ್ತಿಡಿ.

3. ಧ್ವನಿ ನಿಂತರೆ ಈ ಕ್ರಮದಲ್ಲಿ ನೋಡಿರಿ: ಸ್ಪೀಕರ್ ಮತ್ತು ತಂತಿ, ಹಸಿರು ತೂತು, ಧ್ವನಿಯ ಮಟ್ಟ, ಧ್ವನಿ ಹೊರಡುವ ಸಾಧನ, ರೀಸ್ಟಾರ್ಟ್, ಡಿವೈಸ್ ಮ್ಯಾನೇಜರ್, ಡ್ರೈವರ್.

4. ಬಿಡಿ ಕಾರ್ಡ್ ಹಾಕಿರುವ ಹಳೆಯ ಯಂತ್ರವಾದರೆ, ಪ್ಲಗ್ ಕಿತ್ತು, ಬರಿಗೈಯಿಂದ ಪೆಟ್ಟಿಗೆಯ ಲೋಹ ಮುಟ್ಟಿ, ಆಮೇಲೆ ಕಾರ್ಡನ್ನು ಕಳಚಿ ಧೂಳು ತೆಗೆದು ಗಟ್ಟಿಯಾಗಿ ಕೂರಿಸಿರಿ.

5. ಹೊಸ ಯಂತ್ರ ಕೊಳ್ಳಿರೆಂದು ಯಾರಾದರೂ ಹೇಳಿದರೆ, ಮೊದಲು ಒಂದು ಯು.ಎಸ್.ಬಿ. ಸೌಂಡ್ ಕಾರ್ಡ್ ಸಿಕ್ಕಿಸಿ ನೋಡಿರಿ. ಲ್ಯಾಪ್‌ಟಾಪಿಗೂ ಇದು ಆಗುತ್ತದೆ.

ನಮ್ಮ ಸಂಘದ ಕಡತದಲ್ಲಿ

ಇನ್ನು ನಮ್ಮ ಮನೆಯ ಮಾತು. ಎರಡು ವರ್ಷದ ಹಿಂದೆ ನಮ್ಮ ಸಂಘದ ಲೆಕ್ಕಿಗರ ಹುದ್ದೆಗೆ ಬಂದ ಅರ್ಜಿಗಳಲ್ಲಿ ಒಂದು ದೃಷ್ಟಿಯಿಲ್ಲದ ಹುಡುಗಿಯದಾಗಿತ್ತು. ಅಂಕಗಳು ಚೆನ್ನಾಗಿದ್ದವು. "ಪಾಪ, ಆಗುವುದಿಲ್ಲ" ಎಂದು ಅದನ್ನು ಬದಿಗಿಟ್ಟವರು ಬೇರೆ ಯಾರೂ ಅಲ್ಲ, ನಾವೇ. ಸಂದರ್ಶನಕ್ಕೂ ಕರೆಯಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ನೌಕರಿಗಳಲ್ಲಿ ನೂರಕ್ಕೆ ನಾಲ್ಕನ್ನು ಅಂಗವಿಕಲರಿಗೂ, ಅದರಲ್ಲಿ ಒಂದನ್ನು ದೃಷ್ಟಿದೋಷವುಳ್ಳವರಿಗೂ ಮೀಸಲಿಡುತ್ತದೆ. ನಮ್ಮದು ಸರ್ಕಾರಿ ಕಚೇರಿಯಲ್ಲವೆಂಬ ಸಮಾಧಾನ ಆಗ ನಮಗಿತ್ತು. ಈಗ ಇಲ್ಲ.

2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣಗೊಳಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕಪುಸ್ತಕ ಗಣಕಯಂತ್ರದೊಳಗೆ ಹೋದಷ್ಟೂ ಅದನ್ನು ಕಿವಿಯಿಂದ ಓದಬಲ್ಲವರಿಗೆ ದಾರಿ ತೆರೆಯುತ್ತದೆ. ಆದರೆ ಒಂದು ತೊಡಕಿದೆ. ನಮ್ಮ ಸಂಘದ ಸುತ್ತೋಲೆಗಳೆಲ್ಲ ಇಂದಿಗೂ ಹಳೆಯ ನುಡಿ ಅಕ್ಷರಗಳಲ್ಲಿವೆ. ಒಂದು ಸುತ್ತೋಲೆಯನ್ನು ಹುಡುಗನಿಗೆ ಕಳುಹಿಸಿದ್ದೆವು. ಅವನ ಯಂತ್ರ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಓದಿತಂತೆ. ಯೂನಿಕೋಡಿನಲ್ಲಿ ಬರೆದರೆ ಮಾತ್ರ ಅದು ಕನ್ನಡವೆಂದು ಯಂತ್ರಕ್ಕೆ ತಿಳಿಯುತ್ತದೆ. ಅದಕ್ಕೆ ಕಾಸಿನ ಖರ್ಚಿಲ್ಲ. ಬೆರಚ್ಚು ಮಾಡುವವರ ಅಭ್ಯಾಸ ಬದಲಾಗಬೇಕಷ್ಟೆ.

ಆದ್ದರಿಂದ ಮುಂದಿನ ಮಂಡಳಿ ಸಭೆಗೆ ಮೂರು ವಿಷಯ ಇಡುತ್ತಿದ್ದೇವೆ. ಸಂಘದ ಎಲ್ಲ ಬರವಣಿಗೆ ಯೂನಿಕೋಡಿನಲ್ಲಿರಬೇಕು. ಕಚೇರಿಯ ಅರ್ತಿಂಗ್ ಮಳೆಗಾಲದೊಳಗೆ ಹೊಸದಾಗಬೇಕು. ಮುಂದಿನ ನೇಮಕಾತಿಯಲ್ಲಿ ದೃಷ್ಟಿಯಿಲ್ಲದವರ ಅರ್ಜಿಯನ್ನು ನೋಡದೆ ಬದಿಗಿಡಕೂಡದು. ಕರೆದು ಕೂರಿಸಿ, ಮಾತನಾಡುವ ಯಂತ್ರ ಕೊಟ್ಟು, ಕೆಲಸ ಮಾಡಿಸಿ ನೋಡಬೇಕು. ಆ ಹುಡುಗಿಗೂ ಒಂದು ಪತ್ರ ಬರೆದಿದ್ದೇವೆ. ಆಕೆಗೆ ಬೇರೆ ಕಡೆ ಕೆಲಸ ಸಿಕ್ಕಿದ್ದರೆ ಸಂತೋಷ. ಸಿಕ್ಕದಿದ್ದರೆ ತಪ್ಪು ತಿದ್ದಿಕೊಳ್ಳುವ ಅವಕಾಶ ನಮ್ಮದು. ಸದಸ್ಯರು ತಮ್ಮ ಅಭಿಪ್ರಾಯವನ್ನು ಸಭೆಗೆ ಮೊದಲೇ ಕಚೇರಿಗೆ ತಿಳಿಸಬೇಕಾಗಿ ವಿನಂತಿ.